ಏಳು ನೀರಿನ ಬೂದಿ

ಬೂದಿಗೆ ರುಚಿ ಇರುತ್ತದೆಯೇ ಎಂದು ಯಾರಾದರೂ ಕೇಳಿದರೆ ನಾನು ಅರ್ಧ ಗಂಟೆ ಮಾತಾಡಬಲ್ಲೆ. ಜಾಲಿ ಸೌದೆಯ ಬೂದಿ ಬೇರೆ, ತೆಂಗಿನ ಗರಿಯ ಬೂದಿ ಬೇರೆ, ಹಸುವಿನ ಕುಳ್ಳಿನ ಬೂದಿಯಂತೂ ಬೇರೆಯೇ. ಮನೆಯ ಮಕ್ಕಳಿಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ. ನಾನು ಬಾಯಿ ತೆರೆಯುವ ಮೊದಲೇ ಎದ್ದು ಹೋಗುತ್ತಾರೆ. ಹೋಗಲಿ ಬಿಡಿ. ಈ ವಿದ್ಯೆ ನನಗೆ ಬಿಎಸ್ಸಿ ಓದುವಾಗ ಬಂದದ್ದಲ್ಲ. ಹೊನ್ನಾಳಿ ತಾಲ್ಲೂಕಿನ ಹೊಳೆದಂಡೆಯ ಒಂದು ಹಳ್ಳಿಯಲ್ಲಿ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ನನ್ನ ಅತ್ತೆಯಿಂದ ಬಂದದ್ದು. ಅದೂ ಸುಮ್ಮನೆ ಬರಲಿಲ್ಲ. ಮೊದಲು ಒಂದು ಸುಳ್ಳು ಹೇಳಿ, ಆಮೇಲೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನುವ ಹಾಗಾಗಿ, ಅದರ ನಂತರ ಬಂತು.

ನನ್ನ ತವರು ಜಗಳೂರು. ನಮ್ಮ ಬಾವಿಯ ನೀರು ಸವುಳು. ಬೇಳೆ ಬೇಯುತ್ತಿರಲಿಲ್ಲ, ಸೋಪು ನೊರೆ ಕಟ್ಟುತ್ತಿರಲಿಲ್ಲ. ತಲೆಗೆ ಸೋಪು ಹಚ್ಚಿದರೆ ಒಡೆದ ಹಾಲಿನ ಹಾಗೆ ಬಿಳಿ ಬಿಳಿ ಗರಣೆ ಕೂದಲಿಗೆ ಅಂಟಿಕೊಳ್ಳುತ್ತಿತ್ತು. ಯಾಕೆ ಹೀಗೆ ಎನ್ನುವ ಹಟಕ್ಕೇ ನಾನು ಕೆಮಿಸ್ಟ್ರಿ ತೆಗೆದುಕೊಂಡೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ನಿಜ ಹೇಳಬೇಕೆಂದರೆ ಬೇರೆ ಸೀಟು ಸಿಕ್ಕಿರಲಿಲ್ಲ. ಆದರೂ ಓದಿದ ಮೇಲೆ ಆ ಗರಣೆ ಅಂದರೆ ನೀರಿನ ಕ್ಯಾಲ್ಸಿಯಂ ಸೋಪನ್ನು ಹಿಡಿದು ಹಾಕಿದ ರೂಪ ಎಂದು ತಿಳಿದಾಗ ಆದ ಖುಷಿ ಸುಳ್ಳಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮದುವೆಯಾಗಿ ಹೊಳೆ ಊರಿಗೆ ಬಂದೆ. ಮೊದಲ ದಿನ ತಲೆಗೆ ಸ್ನಾನ ಮಾಡಲು ಹೋದವಳು ಬಚ್ಚಲಿನಿಂದ ಹೊರಗೆ ಬರಲೇ ಇಲ್ಲ. ತುಂಗಭದ್ರೆಯ ಮೆದು ನೀರು. ಜಗಳೂರಿನ ಅಳತೆಯಲ್ಲಿ ಸೋಪು ತಿಕ್ಕಿದ್ದೆ. ನೊರೆ ಎಂದರೆ ಎಂಥ ನೊರೆ! ಎಷ್ಟು ಚೊಂಬು ಸುರಿದರೂ ಹೋಗದು. ಹೊರಗಿನಿಂದ ಅತ್ತೆ ಕೂಗಿದರು: "ಏನವ್ವಾ, ಒಳಗೇ ನಿದ್ದೆ ಹೋದ್ಯೇನು? ಹಂಡೆ ನೀರೆಲ್ಲ ನಿನಗೇ ಬೇಕೇನು?"

ಅತ್ತೆ ನೋಡಲು ಸಣಕಲು, ದನಿ ಮಾತ್ರ ಹೊಳೆಯ ಆಚೆ ದಡಕ್ಕೆ ಕೇಳಿಸುವಂಥದ್ದು. ಮಾವನವರು ತೀರಿಕೊಂಡು ವರ್ಷಗಳಾಗಿದ್ದವು. ನನ್ನ ಗಂಡ ನ್ಯಾಮತಿಯ ಹತ್ತಿರ ಪ್ರೈಮರಿ ಶಾಲೆ ಮೇಷ್ಟ್ರು. ಊರಿನಲ್ಲಿ ನಮ್ಮದು ಅಯ್ಯನೋರ ಮನೆ, ಅಂದರೆ ಜಂಗಮರ ಮನೆ. ನಮ್ಮ ಮನೆಯ ಕೆಲಸ ಹಣೆಗೆ ಹಚ್ಚುವ ವಿಭೂತಿ ಮಾಡುವುದು. ಹೊನ್ನಾಳಿ, ನ್ಯಾಮತಿ ಕಡೆ ಮಗುವಿಗೆ ಲಿಂಗ ಕಟ್ಟುವುದಿರಲಿ, ಮದುವೆಯಿರಲಿ, ಮನೆಯೊಕ್ಕಲಿರಲಿ, ಅತ್ತೆ ಮಾಡಿದ ವಿಭೂತಿ ಗಟ್ಟಿಯೇ ಬೇಕು ಎನ್ನುವವರಿದ್ದರು. ಕಾರಣ ಕೇಳಿದರೆ, "ಅವ್ವಾರ ವಿಭೂತಿ ಉರಿಯಾಕಿಲ್ರೀ" ಎನ್ನುತ್ತಿದ್ದರು. ಬೇರೆ ಕಡೆ ಕೊಂಡದ್ದನ್ನು ಹಚ್ಚಿಕೊಂಡರೆ ಹಣೆ ಚುರುಗುಟ್ಟುತ್ತಿತ್ತಂತೆ.

ಪಕ್ಕದ ಮನೆಯವರು ಒಮ್ಮೆ ಅತ್ತೆಯನ್ನು ಕೇಳಿದರು: "ಸೊಸೆ ಕೆಮಿಸ್ಟ್ರಿ ಓದ್ಯಾಳಂತಲ್ಲ, ಹಂಗಂದ್ರೆ ಏನು?" ಅತ್ತೆ ಬಾಯಿಯ ಎಲೆಅಡಿಕೆಯನ್ನು ಒಂದು ದವಡೆಗೆ ದೂಡಿ, "ಈ ಸೀಸೆಯಾಗಿನ ನೀರು ಆ ಸೀಸೆಗೆ ಸುರಿಯೋದಂತೆ ಕಣೆ. ನಾನೂ ಅದನ್ನೇ ಮಾಡ್ತೀನಿ, ನನಗೆ ಸರ್ಟಿಫಿಕೇಟ್ ಕೊಟ್ಟಿಲ್ಲ ಅಷ್ಟೇ" ಅಂದರು. ನನಗೆ ಮೈಯೆಲ್ಲ ಉರಿಯಿತು. ಎರಡು ದಿನ ಅವರೊಂದಿಗೆ ಬೇಕಾದಷ್ಟೇ ಮಾತಾಡಿದೆ. ಅವರು ಅದನ್ನು ಗಮನಿಸಲೂ ಇಲ್ಲ.

ಮೊದಲ ಬೇಸಿಗೆಯಲ್ಲಿ ಕೆಲಸ ನೋಡುತ್ತ ನಿಂತಾಗ ನನ್ನ ಸಿಟ್ಟು ತನ್ನಷ್ಟಕ್ಕೇ ಕರಗತೊಡಗಿತು. ಸಗಣಿ ನೆಲಕ್ಕೆ ಬೀಳುವ ಮೊದಲೇ ಬುಟ್ಟಿಯಲ್ಲಿ ಹಿಡಿಯಬೇಕು ಎನ್ನುತ್ತಿದ್ದರು. ನಾನು ಇದು ಮಡಿಯ ಮಾತು ಅಂದುಕೊಂಡಿದ್ದೆ. ಅಲ್ಲ, ನೆಲಕ್ಕೆ ಬಿದ್ದ ಸಗಣಿಗೆ ಮರಳು ಹತ್ತುತ್ತದೆ. ಮರಳನ್ನು ಯಾವ ಬೆಂಕಿಯೂ ಬೂದಿ ಮಾಡದು. ಹಣೆಗೆ ತಿಕ್ಕಿದಾಗ ಅದೇ ಗೀರುತ್ತದೆ. ಕುಳ್ಳುಗಳನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಗುಡ್ಡೆ ಹಾಕಿ, ಮೇಲೆ ಭತ್ತದ ಹೊಟ್ಟು ಮುಚ್ಚಿ ಕಿಡಿ ಇಡುತ್ತಿದ್ದರು. ಉರಿ ಏಳಬಾರದು, ಕೋಲು ಹಾಕಿ ಕೆದಕಬಾರದು. ಎರಡು ದಿನ ಅದು ಒಳಗೊಳಗೇ ನಿಧಾನಕ್ಕೆ ಬೇಯುತ್ತಿತ್ತು. ಅವಸರ ಮಾಡಿದರೆ ಇದ್ದಿಲು ಉಳಿದು ಬೂದಿ ಕಪ್ಪಾಗುತ್ತದೆ. ನಿಧಾನಕ್ಕೆ ಗಾಳಿ ಸಿಕ್ಕರೆ ಇಂಗಾಲವೆಲ್ಲ ಸುಟ್ಟು ಹೋಗಿ ಬಿಳಿ ಬೂದಿ ಉಳಿಯುತ್ತದೆ. ನಾವು ಕಾಲೇಜಿನಲ್ಲಿ ಪಿಂಗಾಣಿ ಬಟ್ಟಲಿನಲ್ಲಿ ಚಿಟಿಕೆ ಪುಡಿ ಸುಟ್ಟು ಚಪ್ಪಾಳೆ ಹೊಡೆದುಕೊಂಡಿದ್ದೆವು. ಇಲ್ಲಿ ಈ ಹೆಂಗಸು ಹಿತ್ತಿಲಿನಲ್ಲಿ ಗಾಡಿಗಟ್ಟಲೆ ಸುಡುತ್ತಿದ್ದರು, ಅದೂ ಕೈಯಲ್ಲಿ ಥರ್ಮಾಮೀಟರು ಇಲ್ಲದೆ.

ಆಮೇಲೆ ತೊಳೆಯುವುದು. ದೊಡ್ಡ ಮಣ್ಣಿನ ಬಾನಿಗೆ ಬೂದಿ ಹಾಕಿ, ಹೊಳೆ ನೀರು ಸುರಿದು ಕದಡುತ್ತಿದ್ದರು. ನಂತರ ಒಂದು ಸಲ ಎಲೆಅಡಿಕೆ ಹಾಕಿಕೊಂಡು ಅಗಿದು ಮುಗಿಸುತ್ತಿದ್ದರು. ಅದೇ ಅವರ ಗಡಿಯಾರ. ಅಷ್ಟರಲ್ಲಿ ದಪ್ಪ ಚೂರುಗಳು ತಳಕ್ಕೆ ಇಳಿದಿರುತ್ತಿದ್ದವು. ಮೇಲಿನ ಹಾಲಿನಂಥ ನೀರನ್ನು ಹಳೆಯ ಪಂಚೆಯಲ್ಲಿ ಸೋಸಿ ಇನ್ನೊಂದು ಬಾನಿಗೆ ಬಿಟ್ಟರೆ, ಮರುದಿನ ಬೆಳಿಗ್ಗೆಗೆ ನುಣ್ಣನೆಯ ಬೂದಿ ಕೆಳಗೆ ಕೂತು ನೀರು ತಿಳಿಯಾಗಿರುತ್ತಿತ್ತು. ಆ ತಿಳಿ ಬಸಿದರೆ ಒಂದು ನೀರು ಆದಂತೆ. ಮತ್ತೆ ಹೊಸ ನೀರು, ಮತ್ತೆ ಕದಡುವುದು, ಮತ್ತೆ ಒಂದು ದಿನ. ಹೀಗೆ ಏಳು ನೀರು.

ಮೊದಲ ನೀರನ್ನು ಅತ್ತೆ ಚೆಲ್ಲುತ್ತಿರಲಿಲ್ಲ. ಅದು ತೆಳು ಹಳದಿ, ಬೆರಳಿನ ನಡುವೆ ಜಾರುತ್ತಿತ್ತು. ಹೊದೆಯುವ ಕೌದಿ, ಎಣ್ಣೆ ಹತ್ತಿದ ಬಟ್ಟೆ, ಹಿತ್ತಾಳೆ ಕೊಡ, ಎಲ್ಲಕ್ಕೂ ಅದೇ. ಅದರಲ್ಲಿ ಬೂದಿಯ ಕ್ಷಾರವಿದೆ, ಎಣ್ಣೆಯ ಜೊತೆ ಸೇರಿ ಸೋಪಾಗುತ್ತದೆ ಎಂದು ನಾನು ವಿವರಿಸಲು ಹೊರಟೆ. "ಎಣ್ಣೆ ತಿಂತೈತೆ ಅಂತ ಹೇಳವ್ವಾ, ಸಾಕು" ಅಂದರು ಅತ್ತೆ. ಹೌದಲ್ಲ, ಸಾಕು.

ನನಗೆ ಒಪ್ಪಿಗೆಯಾಗದಿದ್ದದ್ದು ಒಂದೇ. ಪ್ರತಿ ನೀರು ಬಸಿದ ಮೇಲೆ ಅವರು ಬೂದಿಯ ಕೆಸರನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸುತ್ತಿದ್ದರು. "ಮೊದಲ್ನೇ ನೀರು ಕಚ್ಚತೈತೆ. ಮೂರನೇದು ಚಿವುಟತೈತೆ. ಐದನೇದು ಸುಮ್ನೆ ಮುಟ್ಟಿ ಹೋಗತೈತೆ. ಏಳನೇದು ಬಾಯಿಗೆ ಏನೂ ಹೇಳಾಕಿಲ್ಲ. ಏನೂ ಹೇಳ್ಲಿಲ್ಲ ಅಂದ್ರೆ ಆಯ್ತು. ನೋಡು ಬಾ, ನೀನೂ ಇಡು ನಾಲಿಗೆ."

ನಾನು ಹಿಂದೆ ಸರಿದೆ. ಪ್ರಯೋಗಶಾಲೆಯಲ್ಲಿ ನಮಗೆ ಕಲಿಸಿದ್ದ ಮೊದಲ ಪಾಠವೇ, ಯಾವ ಪುಡಿಯನ್ನೂ ಸತ್ತರೂ ನಾಲಿಗೆಗೆ ತಾಗಿಸಬಾರದು ಎಂಬುದು. ಇದು ಸಗಣಿಯ ಬೂದಿ ಬೇರೆ. "ಅದೆಲ್ಲ ಬೇಕಾಗಿಲ್ರಿ ಅತ್ತೆ. ಕರಗೋದು ಮೂರು ಸಲಕ್ಕೇ ಕರಗಿ ಹೋಗಿರತ್ತೆ, ಉಳಿಯೋದು ಕರಗದೇ ಇರೋದು. ಏಳು ಸಲ ಯಾಕೆ?" ಎಂದು ವಾದಿಸಿದೆ. "ನಮ್ಮ ಬುಕ್ಕಿನಲ್ಲಿ ಹಾಗೇ ಇದೆ" ಅಂತಲೂ ಸೇರಿಸಿದೆ.

"ನಿನ್ನ ಬುಕ್ಕಿನಾಗೆ ಬೂದಿ ಇತ್ತೇನವ್ವಾ?" ಎಂದು ಕೇಳಿ, ಅತ್ತೆ ಬಾನಿಯ ಕಡೆ ತಿರುಗಿಕೊಂಡರು.

ಮರುವರ್ಷದ ಬೇಸಿಗೆಯಲ್ಲಿ ನನ್ನ ನಾದಿನಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳನ್ನು ಚನ್ನಗಿರಿ ತಾಲ್ಲೂಕಿನಲ್ಲಿ, ಸಂತೇಬೆನ್ನೂರಿನ ಹತ್ತಿರ ಕೊಟ್ಟಿದ್ದರು. ಗಂಡು ಮಗು ಹುಟ್ಟಿತು. ಅತ್ತೆಗೆ ಬಾಣಂತಿ ಆರೈಕೆಯಲ್ಲಿ ಉಸಿರಾಡಲು ಬಿಡುವಿಲ್ಲ. ಅಷ್ಟರಲ್ಲಿ ಒಂದು ಗುಡ್ಡೆ ಬೂದಿ ಬೆಂದು ತಯಾರಾಗಿತ್ತು. "ಈ ಸಲದ್ದು ನೀನೇ ತೊಳಿಯವ್ವಾ. ನೋಡೀಯಲ್ಲ ಎಲ್ಲಾ" ಎಂದು ನನಗೆ ವಹಿಸಿದರು.

ಮೂರು ದಿನ ಹೊಳೆಯಿಂದ ದಡ ಹತ್ತಿಸಿ ಕೊಡ ಕೊಡ ನೀರು ಹೊತ್ತೆ. ಮೂರನೇ ನೀರು ಬಸಿದಾಗ ಬೂದಿ ಬೆಣ್ಣೆಯ ಹಾಗೆ ಬೆಳ್ಳಗಿತ್ತು. ಸೊಂಟ ಬಿದ್ದುಹೋಗಿತ್ತು. ನನ್ನ ಸೋಮಾರಿತನಕ್ಕೆ ಕೆಮಿಸ್ಟ್ರಿಯ ಅಂಗಿ ತೊಡಿಸಿ, ಮೂರೇ ಸಾಕು ಎಂದು ತೀರ್ಮಾನಿಸಿದೆ. ನಾಲಿಗೆಗೆ ಮುಟ್ಟಿಸಿ ನೋಡಲಿಲ್ಲ. ಗಟ್ಟಿ ಕಟ್ಟಿ, ಬಿಸಿಲಿಗಿಟ್ಟು, ಒಣಗಿಸಿ ತಂದು ತೋರಿಸಿದೆ. ಅತ್ತೆ ಬಾಣಂತಿ ಕೋಣೆಯ ಬಾಗಿಲಲ್ಲೇ ನಿಂತು ಒಂದನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಲೆಕ್ಕದಲ್ಲಿ ಅವರು ಅಷ್ಟು ಬೇಗ ಕೆಲಸ ಮುಗಿಯಿತೇ ಎಂದು ಕೇಳಬೇಕಿತ್ತು. ಆದರೆ ಮೊಮ್ಮಗ ಹುಟ್ಟಿದ ಮೇಲೆ ಅವರು ದಿನ ಎಣಿಸುವುದನ್ನೇ ಬಿಟ್ಟಿದ್ದರು.

"ಏಳು ನೀರು ಆಯ್ತೇನವ್ವಾ?"

"ಆಯ್ತ್ರಿ ಅತ್ತೆ" ಅಂದೆ.

ಅವರ ಮುಖ ಅರಳಿತು. "ಭಾಳ ಚಲೋ ಆಗೈತೆ ಕಣೆ. ಮಗೂಗೆ ಲಿಂಗ ಕಟ್ಟೋ ದಿನ ಇದನ್ನೇ ಹಚ್ಚಿಸೋಣ. ಸೊಸೆ ಕೈಯಾಗಿನ ಮೊದಲ್ನೇ ವಿಭೂತಿ" ಎಂದು ಆ ಗಟ್ಟಿಯನ್ನು ಒಯ್ದು ದೇವರ ಗೂಡಿನಲ್ಲಿ ಇಟ್ಟರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಬದಲಿಗೆ ಇನ್ನೊಂದು ಘನಕಾರ್ಯ ಮಾಡಿದೆ. ನನ್ನ ಉಳಿದ ಗಟ್ಟಿಗಳನ್ನು ಅತ್ತೆ ಹಿಂದೆ ಮಾಡಿಟ್ಟಿದ್ದ ಗಟ್ಟಿಗಳ ಬುಟ್ಟಿಯಲ್ಲೇ ಬೆರೆಸಿಬಿಟ್ಟೆ. ಯಾರೂ ಗುರುತು ಹಿಡಿಯದಿದ್ದರೆ ಮೂರು ನೀರೇ ಸಾಕು ಎಂದು ಸಾಬೀತಾದ ಹಾಗೆ. ಆಗ ನಗುತ್ತ ಹೇಳೋಣ ಅಂದುಕೊಂಡಿದ್ದೆ. ಎಂಥ ಬುದ್ಧಿವಂತಳು ನೋಡಿ!

ಲಿಂಗ ಕಟ್ಟುವ ದಿನಕ್ಕೆ ಮುಂಚೆ ರೋಹಿಣಿ ಮಳೆ ಶುರುವಾಯಿತು. ಮೂರು ದಿನ ಹಿಡಿದ ಮಳೆ ಬಿಡಲಿಲ್ಲ. ಗೋಡೆ, ಬಟ್ಟೆ, ಉಪ್ಪಿನ ಡಬ್ಬಿ ಎಲ್ಲ ತಣ್ಣಗೆ ಒದ್ದೊದ್ದೆ. ಲಿಂಗ ಕಟ್ಟುವ ದಿನ ಬೆಳಿಗ್ಗೆ ದೀಪ ಹಚ್ಚಲು ಹೋದೆ. ದೇವರ ಗೂಡಿನಲ್ಲಿದ್ದ ನನ್ನ ಗಟ್ಟಿ ಬೆವೆತಿತ್ತು. ಅದರ ಸುತ್ತ ಗೂಡಿನ ಹಲಗೆಯ ಮೇಲೆ ಒಂದು ಒದ್ದೆ ಬಳೆ. ಪಕ್ಕದಲ್ಲೇ ನಿತ್ಯಪೂಜೆಗೆ ಇಟ್ಟಿದ್ದ ಅತ್ತೆಯ ಸವೆದ ಗಟ್ಟಿ ಒಣಗಿದಂತೆಯೇ ಇತ್ತು.

ಇದನ್ನು ನಾನು ಪರೀಕ್ಷೆಯಲ್ಲಿ ಬರೆದಿದ್ದೆ: ಪೊಟ್ಯಾಶಿಯಂ ಕಾರ್ಬೊನೇಟು ಗಾಳಿಯ ತೇವವನ್ನು ಹೀರಿಕೊಂಡು ತಾನೇ ಕರಗುತ್ತದೆ ಎಂದು. ಬೂದಿಯ ಕ್ಷಾರ ಅದೇ. ಕರಗುವುದೆಲ್ಲ ನೀರಿನಲ್ಲಿ ಕರಗಿದ್ದು ನಿಜ, ಆದರೆ ಆ ನೀರೆಲ್ಲ ಹೊರಗೆ ಹೋಗಿರಲಿಲ್ಲ. ನುಣ್ಣನೆಯ ಬೂದಿಯ ಕೆಸರು ತನ್ನ ಹೊಟ್ಟೆಯಲ್ಲಿ ಹಳೆಯ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ರತಿ ಸಲ ಬಸಿದಾಗಲೂ ಸ್ವಲ್ಪ ಉಳಿಯುತ್ತದೆ. ಅದನ್ನು ತೆಳುವಾಗಿಸುತ್ತ ತೆಳುವಾಗಿಸುತ್ತ ಹೋಗುವುದಕ್ಕೇ ಏಳು ನೀರು. ಅತ್ತೆಗೆ ಅದರ ಹೆಸರು ಗೊತ್ತಿರಲಿಲ್ಲ, ಅಷ್ಟೇ. ಮತ್ತು ಈಗ ಲಿಂಗ ಕಟ್ಟಲು ಮಠದ ಅಯ್ಯನವರು ಬಂದು ಈ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಹುಟ್ಟಿ ಇನ್ನೂ ತಿಂಗಳು ತುಂಬದ ಕೂಸಿನ ಹಣೆಗೆ, ಎದೆಗೆ, ತೋಳಿಗೆ ಹಚ್ಚುವವರಿದ್ದರು. ಕೌದಿಯ ಜಿಡ್ಡು ತಿನ್ನುವ ನೀರು ಕೂಸಿನ ಚರ್ಮವನ್ನು ಸುಮ್ಮನೆ ಬಿಡುತ್ತದೆಯೇ?

ಹತ್ತು ಗಂಟೆ ಬಸ್ಸಿಗೆ ಸಂತೇಬೆನ್ನೂರಿನ ಬೀಗರು ಬರುವವರಿದ್ದರು. ಸದ್ದಿಲ್ಲದೆ ಬೇರೆ ಗಟ್ಟಿ ಇಟ್ಟುಬಿಡೋಣ ಎಂದು ಒಳಕೋಣೆಗೆ ಓಡಿ ಬುಟ್ಟಿಯ ಮುಚ್ಚಳ ತೆಗೆದೆ. ಒಣಹುಲ್ಲಿನಲ್ಲಿ ಬೆಚ್ಚಗೆ ಮಲಗಿದ್ದ ನಲವತ್ತು ಗಟ್ಟಿಗಳು, ಒಂದೇ ಬಣ್ಣ, ಒಂದೇ ಗಾತ್ರ. ಯಾವುದು ಅತ್ತೆಯದು, ಯಾವುದು ನನ್ನದು? ಮುಂದಿನ ವಾರ ಇದೇ ಬುಟ್ಟಿ ನ್ಯಾಮತಿಗೆ ಹೋಗುವುದಿತ್ತು. ಅಲ್ಲಿ ಇನ್ನೆಷ್ಟು ಮನೆಗಳಲ್ಲಿ ಇನ್ನೆಷ್ಟು ಕೂಸುಗಳಿದ್ದವೋ.

ಓದಿದವಳಲ್ಲವೇ, ಅರಿಶಿನ ನೆನಪಾಯಿತು. ಅರಿಶಿನ ಕ್ಷಾರಕ್ಕೆ ಕೆಂಪಾಗುತ್ತದೆ. ಆರತಿಯ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡುವುದು ಹಾಗೆಯೇ. ಒಂದು ಬಿಳಿ ಬಟ್ಟೆಯನ್ನು ಅರಿಶಿನದ ನೀರಿನಲ್ಲಿ ಅದ್ದಿ, ಒಂದೊಂದೇ ಗಟ್ಟಿಯನ್ನು ಒತ್ತಿ ನೋಡಿದೆ. ಮೊದಲನೆಯದು ಕೆಂಪು. ಎರಡನೆಯದೂ ಕೆಂಪು. ಓಡಿ ಹೋಗಿ ದೇವರ ಗೂಡಿನಿಂದ ಅತ್ತೆಯ ಸವೆದ ಗಟ್ಟಿಯನ್ನು ತಂದು ಒತ್ತಿದೆ, ಅದೂ ಕೆಂಪೇ! ಬೂದಿಯಲ್ಲಿ ಸುಣ್ಣದ ಅಂಶವೂ ಇರುತ್ತದೆ, ಅದು ನೀರಿನಲ್ಲಿ ಹೆಚ್ಚು ಕರಗದು, ಚರ್ಮಕ್ಕೆ ಕೇಡು ಮಾಡದು, ಆದರೆ ಅರಿಶಿನವನ್ನು ಕೆಂಪು ಮಾಡಲು ಅಷ್ಟು ಸಾಕು. ನನ್ನ ಬಟ್ಟೆಯ ತುಂಬ ಕೆಂಪು ಚಂದ್ರಗಳು ಮೂಡಿದವು, ಉತ್ತರ ಮಾತ್ರ ಸಿಗಲಿಲ್ಲ.

ಕೊನೆಗೆ ಉಳಿದದ್ದು ನಾಲಿಗೆ. ಕಣ್ಣು ಮುಚ್ಚಿ ಒಂದು ಗಟ್ಟಿಯನ್ನು ನೆಕ್ಕಿದೆ. ಅಬ್ಬಾ! ಇರುವೆ ಚಿವುಟಿದ ಹಾಗೆ ತುದಿ ಚುರ್ ಎಂದಿತು. ಇದು ನನ್ನದು. ಬಾಯಿ ಮುಕ್ಕಳಿಸಿ ಮತ್ತೊಂದು. ಒಣ ಮಣ್ಣಿನ ಹಾಗೆ ಒಂದು ಕ್ಷಣ ಅಂಟಿಕೊಂಡಿತು, ಬೇರೆ ಏನೂ ಇಲ್ಲ. ಬಾಯಿಗೆ ಏನೂ ಹೇಳಲಿಲ್ಲ. ಇದು ಅತ್ತೆಯದು. ಎಷ್ಟು ಸ್ಪಷ್ಟ! ಹದಿನೈದು ಗಟ್ಟಿ ಆಗುವಷ್ಟರಲ್ಲಿ ನೆಕ್ಕುವ ಮೊದಲೇ ಗೊತ್ತಾದ ಹಾಗೆ ಅನ್ನಿಸತೊಡಗಿತು. ಬಲಗಡೆ ಒಳ್ಳೆಯವು, ಎಡಗಡೆ ನನ್ನವು. ನಾಲಿಗೆ ಉರಿಯುತ್ತಿತ್ತು, ಗಲ್ಲದ ತನಕ ಬೂದಿ ಮೆತ್ತಿಕೊಂಡಿತ್ತು. ಕೊನೆಯದನ್ನು ಬಾಯಿಗೆ ಇಟ್ಟುಕೊಂಡಿದ್ದಾಗ ಬಾಗಿಲಲ್ಲಿ ಅತ್ತೆ.

ಅವರು ನನ್ನನ್ನು ನೋಡಿದರು, ಬೂದಿ ಮೆತ್ತಿದ ಬಾಯಿ ನೋಡಿದರು. ನಿಧಾನಕ್ಕೆ ಅವರ ಮುಖದ ತುಂಬ ನಗು ಹರಡಿತು. "ಅಯ್ಯೋ ನನ್ನವ್ವಾ! ಬೂದಿ ತಿನ್ನೋ ಬಯಕೆಯೇ? ಎಷ್ಟು ತಿಂಗಳು? ನನಗ್ಯಾಕೆ ಹೇಳ್ಲಿಲ್ಲ?"

ಆ ಖುಷಿಯ ಮುಖಕ್ಕೆ ನಿಜ ಹೇಳುವುದಿತ್ತಲ್ಲ, ಅದಕ್ಕಿಂತ ಹೊಳೆಗೆ ಹಾರುವುದು ಸುಲಭ ಅನ್ನಿಸಿತು. "ಬಸುರಿಯಲ್ಲ ಅತ್ತೆ. ಅವತ್ತು ಸುಳ್ಳು ಹೇಳಿದೆ. ಏಳು ನೀರು ಹಾಕಿರಲಿಲ್ಲ" ಎಂದೆ.

"ಎಷ್ಟು?"

"ಮೂರು. ದೇವರ ಗೂಡಿನಲ್ಲಿದ್ದದ್ದು ಬೆವೆತಿದೆ. ನನ್ನವನ್ನು ನಿಮ್ಮವುಗಳ ಜೊತೆ ಬೆರೆಸಿಬಿಟ್ಟಿದ್ದೆ, ಈಗ ಆರಿಸಿದೆ."

ಅತ್ತೆಯ ನಗು ಮಾಯವಾಗಿತ್ತು. ನೆಲದ ಮೇಲೆ ಕೂತು ಎರಡೂ ಗುಂಪುಗಳನ್ನು ನೋಡಿದರು, ಕೆಂಪು ಚಂದ್ರಗಳ ಬಟ್ಟೆಯನ್ನು ಎತ್ತಿ ನೋಡಿ ಕೆಳಗಿಟ್ಟರು. ಹೊರಗೆ ಬೀಗಿತ್ತಿಯ ದನಿ ಕೇಳಿಸಿತು; ಬಸ್ಸು ಬಂದಿತ್ತು. ಬೈಗುಳಕ್ಕೆ ನಾನು ತಲೆ ಬಗ್ಗಿಸಿ ನಿಂತಿದ್ದೆ. ಅತ್ತೆ ಅಂಗೈ ಚಾಚಿದರು.

"ಒಳ್ಳೇದ್ರಾಗೆ ಒಂದು ಕೊಡು."

ಬಲಗಡೆಯಿಂದ ಒಂದನ್ನು ಆರಿಸಿ ಅವರ ಕೈಗಿಟ್ಟೆ. ಅದನ್ನು ಅವರು ಬಾಯಿಯ ಹತ್ತಿರವೂ ಒಯ್ಯಲಿಲ್ಲ. ಸೆರಗಿನಲ್ಲಿ ಒರೆಸಿ, ಎದ್ದು ಹೊರಟರು. ನಾನು ಬಾಗಿಲಿಗೆ ಅಡ್ಡ ಬಂದೆ. "ನೀವೊಂದು ಸಲ ನೋಡ್ರಿ ಅತ್ತೆ. ನಾಲಿಗೆಗೆ ಇಟ್ಟು ನೋಡ್ರಿ" ಅಂದೆ.

"ನೀನು ನೋಡೀಯಲ್ಲ" ಅಂದರು.

ಲಿಂಗ ಕಟ್ಟಿದ್ದು ನನಗೆ ನೆನಪಿಲ್ಲ, ಅಯ್ಯನವರು ಏನು ಹೇಳಿದರೋ ಕೇಳಿಸಲಿಲ್ಲ. ಕೂಸಿನ ಹಣೆಯೊಂದೇ ನೆನಪು. ಒದ್ದೆ ಬೂದಿಯ ಮೂರು ಗೆರೆ ಬೆಳ್ಳಗೆ ಒಣಗುತ್ತ ಬಂತು. ಕೂಸು ಒಮ್ಮೆ ಮೂಗು ಸೊಟ್ಟ ಮಾಡಿದಾಗ ನಾನು ಕೂತಲ್ಲಿಂದ ಅರ್ಧ ಎದ್ದೆ. ಅದು ಆಕಳಿಸಿ ಮಲಗಿತು. ಸಂಜೆ ಎರೆಯುವಾಗ ಹಣೆ ತೊಳೆದರೆ, ಚರ್ಮ ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು.

ಎರೆದು ಮುಗಿಸಿ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದರು. ಎಡಗಡೆಯ ಗಟ್ಟಿಗಳನ್ನೆಲ್ಲ, ದೇವರ ಗೂಡಿನಲ್ಲಿದ್ದದ್ದನ್ನೂ ಸೇರಿಸಿ, ಬಾನಿಗೆ ಹಾಕಿ ಪುಡಿ ಮಾಡಿದ್ದರು. ಮಳೆ ನಿಂತಿತ್ತು. ನಾನು ನೀರು ಸುರಿದೆ, ಅವರು ಕದಡಿದರು. ಬೀಗಿತ್ತಿ ಬಾಗಿಲಲ್ಲಿ ನಿಂತು, ಬೀಗರ ಮನೆಯ ಕೆಲಸ ನೋಡುವ ಚಪಲಕ್ಕೆ, "ಎಷ್ಟನೇ ನೀರ್ರೀ ಇದು?" ಎಂದು ಕೇಳಿದರು.

"ನಾಲ್ಕನೇದು" ಅಂದರು ಅತ್ತೆ. ನನ್ನ ಸುಳ್ಳಿನ ಸಂಗತಿಯನ್ನು ಆವತ್ತೂ ಹೇಳಲಿಲ್ಲ, ಬದುಕಿರುವ ತನಕ ಯಾರ ಮುಂದೆಯೂ ಹೇಳಲಿಲ್ಲ.

ಬೀಗಿತ್ತಿ ಒಳಗೆ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಬಾನಿಯ ಅಂಚು ಹಿಡಿದು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಅತ್ತೆ ಕದಡುವುದನ್ನು ನಿಲ್ಲಿಸಲಿಲ್ಲ. ಮೊಣಕೈಯಿಂದ ನನ್ನನ್ನು ಮೆಲ್ಲಗೆ ಆಚೆ ತಳ್ಳಿದರು.

"ಅಳೋದಾದ್ರೆ ಅತ್ಲಾಗೆ ಹೋಗಿ ಅಳವ್ವಾ. ಕಣ್ಣೀರ್ನಾಗೆ ಉಪ್ಪು ಐತೆ. ಬಾನಿಯಾಗೆ ಬಿದ್ರೆ ಮತ್ತೆ ಒಂದ್ನೇ ನೀರಿಂದ ತೊಳೀಬೇಕು."